ಮಾಪಕದ ಬೆಲೆಯೂ ಅಳೆಯುವವನ ಪ್ರಾಣವೂ

ಮಲ್ಟಿಮೀಟರೆಂಬ ವಿದ್ಯುತ್ ಮಾಪಕವು ಇಂದು ಕೆಲವೇ ನೂರು ರೂಪಾಯಿಗಳಿಗೂ ದೊರೆಯುತ್ತದೆ, ಹತ್ತಾರು ಸಾವಿರಕ್ಕೂ ದೊರೆಯುತ್ತದೆ. ಮನೆಯ ಪ್ಲಗ್ಗಿಗೆ ಹಿಡಿದರೆ ಎರಡೂ ಸುಮಾರು 230 ವೋಲ್ಟುಗಳೆಂದೇ ತೋರಿಸುತ್ತವೆ. ಹಾಗಿದ್ದ ಮೇಲೆ ಹೆಚ್ಚು ಹಣ ತೆರುವುದೇತಕ್ಕೆ ಎಂದು ವಾಚಕರು ಕೇಳಬಹುದು. ನಿಖರತೆಗಾಗಿ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧವು, ಅಳೆಯುವವನು ಎಡವಿದಾಗ ಮಾಪಕವು ಹೇಗೆ ವರ್ತಿಸುವುದೆಂಬುದರಲ್ಲಿದೆ.

ವೋಲ್ಟುಗಳನ್ನು ಅಳೆಯುವಾಗ ಡಿಜಿಟಲ್ ಮಾಪಕವು ಸಾಮಾನ್ಯವಾಗಿ 10 ಮೆಗಓಮ್‌ಗಳ ರೋಧವನ್ನು ಒಡ್ಡುತ್ತದೆ. 230 ವೋಲ್ಟಿಗೆ ಅದರಲ್ಲಿ ಹರಿಯುವುದು ಬರಿಯ 23 ಮೈಕ್ರೊಆಂಪೇರು. ಆಂಪೇರುಗಳನ್ನು ಅಳೆಯುವಾಗ ಸ್ಥಿತಿ ತಲೆಕೆಳಗು. ಪ್ರವಾಹಕ್ಕೆ ಅಡ್ಡಿಯಾಗಬಾರದೆಂದು ಓಮಿನ ನೂರರಲ್ಲೊಂದು ಭಾಗದಷ್ಟು ರೋಧವುಳ್ಳ ಲೋಹದ ತುಂಡನ್ನು ಒಳಗಿಟ್ಟಿರುತ್ತಾರೆ. ಕೆಲಸಗಾರನೊಬ್ಬನು ತಂತಿಯನ್ನು ಆಂಪೇರಿನ ರಂಧ್ರದಲ್ಲಿಯೇ ಮರೆತು, ವೋಲ್ಟು ನೋಡಲೆಂದು ಸ್ವಿಚ್‌ಬೋರ್ಡಿನ ಎರಡು ತುದಿಗಳನ್ನು ಮುಟ್ಟಿದನೆನ್ನೋಣ. ದಾರಿಯ ಒಟ್ಟು ರೋಧ 0.1 ಓಮ್ ಆದರೆ, ಓಮನ ನಿಯಮದಂತೆ ಪ್ರವಾಹವು 2300 ಆಂಪೇರು! ಅವನಿಗೂ ಅಪಾಯಕ್ಕೂ ನಡುವೆ ನಿಂತಿರುವುದು ಒಂದು ಫ್ಯೂಸು ಮಾತ್ರ.

ಫ್ಯೂಸಿನ ಎಳೆ ಕರಗಿದರೆ ಎಲ್ಲವೂ ಮುಗಿಯಿತೆಂಬುದು ಸಾಮಾನ್ಯ ನಂಬಿಕೆ. ಮುಗಿಯುವುದಿಲ್ಲ. ಕರಗಿದ ಲೋಹವು ಆವಿಯಾಗಿ, ಆ ಆವಿಯಲ್ಲಿಯೇ ವಿದ್ಯುತ್ ಚಾಪವು ಹೊತ್ತಿ ಪ್ರವಾಹವು ಮುಂದುವರಿಯಬಹುದು. ಅದನ್ನು ಕಡಿದುಹಾಕುವ ಶಕ್ತಿಯು ಎಲ್ಲ ಫ್ಯೂಸುಗಳಿಗೂ ಒಂದೇ ಸಮನಾಗಿಲ್ಲ. 20 ಮಿಲಿಮೀಟರು ಉದ್ದದ ಸಾಮಾನ್ಯ ಗಾಜಿನ ಫ್ಯೂಸಿಗೆ ಅಂತರರಾಷ್ಟ್ರೀಯ ನಿಯಮವು ವಿಧಿಸಿರುವ ಮಿತಿ 35 ಆಂಪೇರು ಅಥವಾ ತನ್ನ ಅಂಕಿತದ ಹತ್ತು ಪಟ್ಟು, ಇವೆರಡರಲ್ಲಿ ಹೆಚ್ಚಿನದು. ಎಂದರೆ 10 ಆಂಪೇರಿನ ಫ್ಯೂಸು 100 ಆಂಪೇರುಗಳವರೆಗೆ ಕಡಿದೀತು. 2300ರ ಮುಂದೆ ಗಾಜು ಸಿಡಿದು, ಮಾಪಕದ ಪೆಟ್ಟಿಗೆಯೇ ಕೈಯಲ್ಲಿ ಒಡೆಯಬಹುದು. ಬೆದರಿ ಕೈ ಹಿಂದಕ್ಕೆಳೆದರೆ ಚಾಪವು ಸೂಜಿಯ ಮೊನೆಗೂ ಹರಡುತ್ತದೆ.

ಉತ್ತಮ ಮಾಪಕಗಳಲ್ಲಿರುವುದು 38 ಮಿಲಿಮೀಟರು ಉದ್ದದ, ಒಳಗೆ ಮರಳು ತುಂಬಿದ ಫ್ಯೂಸು. ಚಾಪದ ಉಷ್ಣವನ್ನು ಹೀರಿ ಮರಳು ಕರಗಿ ಗಾಜಿನಂತಾಗುತ್ತದೆ, ಚಾಪವು ಉಸಿರುಗಟ್ಟಿ ಆರುತ್ತದೆ. 11 ಆಂಪೇರಿನ ಇಂತಹ ಫ್ಯೂಸು 1000 ವೋಲ್ಟಿನಲ್ಲಿ 20,000 ಆಂಪೇರುಗಳನ್ನು ಕಡಿಯಬಲ್ಲದು. ಅಗ್ಗದ ಮಾಪಕವೊಂದರ ಪೂರ್ಣ ಬೆಲೆಗಿಂತ ಇದರ ಬೆಲೆಯೇ ಹೆಚ್ಚಾಗಿರುವುದುಂಟು. ಕೆಲವು ತಯಾರಕರು 10 ಆಂಪೇರಿನ ರಂಧ್ರದ ಬಳಿ 'ಫ್ಯೂಸಿಲ್ಲ' ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತಾರೆ. ಪ್ರಾಮಾಣಿಕತೆಯೇನೋ ಸರಿ!

ಎಡವದಿದ್ದರೂ ಅಪಾಯವುಂಟು. ಸಿಡಿಲಿನಿಂದಲೂ ದೊಡ್ಡ ಮೋಟಾರುಗಳನ್ನು ನಿಲ್ಲಿಸುವುದರಿಂದಲೂ ತಂತಿಗಳಲ್ಲಿ ಕ್ಷಣಿಕವಾಗಿ ಸಹಸ್ರಾರು ವೋಲ್ಟುಗಳು ಏಳುತ್ತವೆ. ಆದುದರಿಂದ 61010 ಎಂಬ ಅಂತರರಾಷ್ಟ್ರೀಯ ಮಾನಕವು ಮಾಪಕಗಳನ್ನು ವರ್ಗೀಕರಿಸಿದೆ. 600 ವೋಲ್ಟಿನ ಎರಡನೆಯ ವರ್ಗದ ಪರೀಕ್ಷೆಯಲ್ಲಿ 4000 ವೋಲ್ಟಿನ ಆಘಾತವನ್ನು 12 ಓಮಿನ ಮೂಲಕ ಕೊಡುತ್ತಾರೆ. ಮೂರನೆಯ ವರ್ಗಕ್ಕೆ 6000 ವೋಲ್ಟನ್ನು 2 ಓಮಿನ ಮೂಲಕ. ಭಾಗಿಸಿ ನೋಡಿದರೆ ಒಂದರ ಹಿಂದಿರುವುದು ಸುಮಾರು 333 ಆಂಪೇರು, ಇನ್ನೊಂದರ ಹಿಂದಿರುವುದು 3000 ಆಂಪೇರು. ಮುಖದ ಮೇಲೆ ಎರಡಕ್ಕೂ 600 ವೋಲ್ಟೆಂದೇ ಬರೆದಿರುತ್ತದೆ.

ಈ ಆಘಾತವನ್ನು ತಾಳಲು ಫಲಕದ ಮೇಲಿನ ತಾಮ್ರದ ಗೆರೆಗಳು ದೂರದೂರವಿರಬೇಕು, ನಡುವೆ ಸೀಳು ಕೊರೆದಿರಬೇಕು, ಅಧಿಕ ವೋಲ್ಟನ್ನು ನುಂಗುವ ವ್ಯಾರಿಸ್ಟರುಗಳಿರಬೇಕು. ಅಗ್ಗದ ಮಾಪಕವನ್ನು ಬಿಚ್ಚಿದರೆ ವ್ಯಾರಿಸ್ಟರಿನ ಸ್ಥಳವು ಗುರುತು ಸಮೇತ ಖಾಲಿಯಿರುವುದನ್ನು ಕಾಣುವುದುಂಟು. ವಿನ್ಯಾಸಕನು ಬೇಕೆಂದದ್ದನ್ನು ಲೆಕ್ಕಿಗನು ಬೇಡವೆಂದಿರಬೇಕು.

ಅಗ್ಗದ ಮಾಪಕವೆಲ್ಲ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಒಣ ಬ್ಯಾಟರಿಯ ಮಂಡಲಗಳಿಗೆ ವಿದ್ಯಾರ್ಥಿಗಳು ಅದನ್ನು ಧಾರಾಳವಾಗಿ ಬಳಸಲಿ. ಹಲವು ಮಾಪಕಗಳಲ್ಲಿ ಫ್ಯೂಸಿನ ಸ್ಥಿತಿಯನ್ನು ತಿಳಿಯುವುದೂ ಸುಲಭ: ಓಮ್ ಸ್ಥಾನದಲ್ಲಿಟ್ಟು, ವೋಲ್ಟಿನ ರಂಧ್ರದಿಂದ ಬಂದ ಸೂಜಿಯನ್ನು ಆಂಪೇರಿನ ರಂಧ್ರಕ್ಕೆ ತೂರಿಸಿದರೆ, ಫ್ಯೂಸು ಸರಿಯಿದ್ದಲ್ಲಿ ಅರ್ಧ ಓಮಿಗಿಂತ ಕಡಮೆ ತೋರುತ್ತದೆ. ಆದರೆ ಹಿಂದೆ ಯಾರಾದರೂ ಫ್ಯೂಸಿನ ಬದಲು ತಾಮ್ರದ ಎಳೆಯನ್ನು ಸುತ್ತಿದ್ದರೂ ಮಾಪಕವು ಅದೇ ಅಂಕೆಯನ್ನು ತೋರಿಸುವುದು. ಅದನ್ನರಿಯಲು ತಂತಿಗಳನ್ನು ಕಳಚಿ, ಹಿಂಬದಿಯ ಮುಚ್ಚಳವನ್ನು ತೆಗೆದು ಕಣ್ಣಾರೆ ನೋಡಬೇಕು.