ಕಪ್ಪು ಹಂಡೆಯ ಬಿಳಿ ಗೆರೆ

ಬೇಗೂರು, ವಯನಾಡು

ಪುಟ್ಟಿ,

ನೀನು ಕಳಿಸಿದ ಫೋಟೊಗಳನ್ನು ಎರಡೆರಡು ಸಲ ನೋಡಿದೆ. ನಿನ್ನ ಪಾಲಿಗೆ ಬಂದ ಕೋಣೆಯ ಅಟ್ಯಾಚ್ಡ್ ಬಾತ್‌ರೂಮನ್ನು ಕಿತ್ತು ಹೊಸದು ಮಾಡಿಸುತ್ತೇನೆ, ನೆಲ, ಗೋಡೆ, ಸೂರು ಎಲ್ಲವೂ ಕಡುಬಣ್ಣವೇ ಇರಲಿ ಎಂದಿದ್ದೀಯ. ದೊಡ್ಡಮ್ಮ ಫೋಟೊ ನೋಡಿದವಳೇ ‘ಬಚ್ಚಲಿಗೆ ಯಾರಾದರೂ ಕಪ್ಪು ಬಣ್ಣ ಮಾಡಿಸುತ್ತಾರಾ’ ಎಂದಳು. ನಾನು ಹಾಗನ್ನುವುದಿಲ್ಲ. ಈ ಮನೆಯ ಮೊದಲ ಬಚ್ಚಲು ಕಪ್ಪೇ ಇತ್ತು.

ನೀನು ಅದನ್ನು ನೋಡಿಲ್ಲ. ಅಂಗಳದ ಆಚೆ, ಬಾವಿಯ ಪಕ್ಕ ಇತ್ತು. ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಕಾಫಿ ಗಿಡ ಸವರಿದಾಗ ಸಿಕ್ಕ ಪುಳ್ಳೆಯ ಉರಿ, ವರ್ಷಗಟ್ಟಲೆ ಹೊಗೆ ಕುಡಿದು ಮಿರಿಮಿರಿ ಮಿಂಚುವ ಗೋಡೆ. ಮಾಡಿನ ಮಂಗಳೂರು ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಬೆಳಿಗ್ಗೆ ಎಂಟರ ಹೊತ್ತಿಗೆ ಅದರಿಂದ ಇಳಿದ ಬಿಸಿಲಕೋಲಿನಲ್ಲಿ ಹೊಗೆ ಸುತ್ತಿಕೊಂಡು ಏರುವುದನ್ನು ನೋಡುತ್ತ ನಾನೂ ನಿನ್ನಪ್ಪನೂ ಮೈಗೆ ನೀರು ಹಾಕಿಕೊಳ್ಳುವುದನ್ನೇ ಮರೆಯುತ್ತಿದ್ದೆವು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅಜ್ಜಿ ಹಂಡೆ ತೊಳೆದು, ಅದರ ಕಂಠಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಆ ಕತ್ತಲೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆ ಬಿಳಿ ಗೆರೆಯೇ. ನಾನು ಹೇಳಬೇಕೆಂದಿರುವುದೆಲ್ಲ ಆ ಗೆರೆಯಲ್ಲೇ ಇದೆ ಮಗಳೇ.

ನೀನು ಒಡೆಸಬೇಕೆಂದಿರುವ ಬಾತ್‌ರೂಮು ಹುಟ್ಟಿದ ಕಥೆಯೂ ನಿನಗೆ ಗೊತ್ತಿರಲಿ. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಅಂಗಳದವರೆಗೂ ಬರುವ ಊರು ಇದು. ಒಂದು ರಾತ್ರಿ ಅಜ್ಜಿ ಹೊರಗೆ ಹೋಗಬೇಕೆಂದು ಬಾಗಿಲ ಅಗುಳಿ ಎಳೆದಳು, ಹಲಸಿನ ಮರದ ಕೆಳಗೆ ಉಸಿರಿನ ಸದ್ದು ಕೇಳಿತು. ಬೆಳಗಾಗುವವರೆಗೂ ಆಕೆ ತಡೆದುಕೊಂಡು ಕುಳಿತಳು. ಮರುವಾರವೇ ನಿನ್ನಪ್ಪ ಬತ್ತದ ಉಗ್ರಾಣದ ಮೂಲೆಗೆ ಗೋಡೆ ಎಬ್ಬಿಸಿದ. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ಇದ್ದ ಜಾಗವೇ ಅಷ್ಟು. ಚಿಕ್ಕದಾಯಿತೆಂದು ಕೊರಗಬೇಡ.

ಗೋಡೆಗೆ ಕಡುಬಣ್ಣ ಹಾಕಿಸು, ಧಾರಾಳವಾಗಿ ಹಾಕಿಸು. ಹೊಳೆಯುವ ಅಚ್ಚ ಕಪ್ಪಿಗಿಂತ ಕಾಡಿನ ಕಡುಹಸಿರು ನನಗೆ ಇಷ್ಟ. ಹೊಳಪಿನ ಕಪ್ಪಿನ ಮೇಲೆ ಸೋಪಿನ ನೊರೆ, ನೀರಹನಿ ಒಣಗಿದ ಕಲೆ ಎಲ್ಲವೂ ಎದ್ದು ಕಾಣುತ್ತವೆ. ಮೈಸೂರಿನ ನಿಮ್ಮ ಬೋರ್‌ವೆಲ್ ನೀರು ನಲ್ಲಿಗೆ ಬಿಳಿ ಹೊಪ್ಪಳೆ ಕಟ್ಟಿದ್ದನ್ನು ನಾನೇ ಕಂಡಿದ್ದೇನೆ. ಆ ಕಲೆ ತೆಗೆಯಲು ಆ್ಯಸಿಡ್ ಸುರಿದರೆ ಸಂದಿನ ಸಿಮೆಂಟೂ ಕರಗಿ ಹೋಗುತ್ತದೆ. ಮ್ಯಾಟ್ ಟೈಲ್ಸ್, ಅದೇ ಬಣ್ಣದ ಎಪಾಕ್ಸಿ ಗ್ರೌಟ್, ಸ್ನಾನವಾದ ಮೇಲೆ ಒಂದು ಸಲ ವೈಪರ್. ಅಷ್ಟು ಸಾಕು.

ಆದರೆ ನೆಲ ಕಪ್ಪು ಬೇಡ. ಇದೊಂದರಲ್ಲಿ ನಾನು ಹಟ ಹಿಡಿಯುತ್ತೇನೆ. ಮಳೆಗಾಲದಲ್ಲಿ ಚರಂಡಿಯ ಕಿಂಡಿಯಿಂದ ಚೇಳು, ಕಪ್ಪೆ, ಜಿಗಣೆ ಒಳಗೆ ಬರುವ ಮನೆ ಇದು. ಕಪ್ಪು ನೆಲದ ಮೇಲೆ ಕರಿಚೇಳು ಕಾಣುವುದು ಹೇಗೆ? ನಿನ್ನಮ್ಮ ಕಣ್ಣಿನ ಪೊರೆಯ ಆಪರೇಷನ್ ಆದವಳು. ನೆಲ, ಗೋಡೆ, ಹೊಸ್ತಿಲು ಒಂದೇ ಬಣ್ಣವಾದರೆ ಎಲ್ಲಿ ಮೆಟ್ಟಿಲು ಇಳಿಯುತ್ತದೆ, ಎಲ್ಲಿ ನೀರು ನಿಂತಿದೆ ಎಂದು ಅವಳಿಗೆ ತಿಳಿಯುವುದಿಲ್ಲ. ತರಿತರಿಯಾದ, ತಿಳಿ ಬೂದಿ ಬಣ್ಣದ ಟೈಲ್ಸ್ ಹಾಕಿಸು, ಹೊಸ್ತಿಲಿಗೆ ಬಿಳಿ ಪಟ್ಟಿ ಇರಲಿ. ಕಡುಹಸಿರು ಗೋಡೆಯ ಮುಂದೆ ಬಿಳಿ ಕಮೋಡು, ಪಕ್ಕದಲ್ಲಿ ಬಿಳಿಯ ಹಿಡಿಕೆ. ಕಣ್ಣು ಮಂಜಾದವರಿಗೂ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಕಮೋಡು ಇಟ್ಟವರಿಗೆ ಈ ಅನುಕೂಲ ಇಲ್ಲ.

ಸೂರೂ ಕಪ್ಪು ಬೇಡ. ಪ್ಲೈವುಡ್ ಸೀಲಿಂಗ್ ಹೊಡೆಸಿ ಹೆಂಚು ಮುಚ್ಚುವ ಯೋಚನೆ ಬಿಟ್ಟುಬಿಡು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿದ ಹೆಂಚು ಇಷ್ಟು ವರ್ಷ ಬಾಳಿದ್ದಕ್ಕೆ ಒಂದು ಕಾರಣ, ಒಡೆದದ್ದೊಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು ಎಂಬುದು. ಅದೇ ಅಚ್ಚಿನ ಗಾಜಿನ ಹೆಂಚನ್ನೂ ಹಾಗೆಯೇ ಕೂರಿಸಬಹುದು. ಎರಡು ಹಾಕಿಸು. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಆಗ ನಿನ್ನ ಚಂದದ ಬಲ್ಬುಗಳೆಲ್ಲ ಆರಿರುತ್ತವೆ, ಕಡುಬಣ್ಣದ ಕೋಣೆ ಹಾಡುಹಗಲಲ್ಲೇ ಗವಿಯಾಗುತ್ತದೆ.

ತಿರುನೆಲ್ಲಿ ದೇವಸ್ಥಾನಕ್ಕೆ ಬ್ರಹ್ಮಗಿರಿ ಬೆಟ್ಟದಿಂದ ನೀರು ತರುವ ಕಲ್ಲಿನ ದೋಣಿಸಾಲು ನೆನಪಿದೆಯಾ? ಚಿಕ್ಕವಳಿದ್ದಾಗ ಅದರ ಕೆಳಗೆ ಕೈಯೊಡ್ಡಿ ನಿಂತಿದ್ದೆ. ಕಂಬದ ಮೇಲೆ ಕಲ್ಲು, ಕಲ್ಲಿನ ಮೇಲೆ ನೀರು. ಒದ್ದೆಯಾದ ಕಡುಬಣ್ಣದ ಕಲ್ಲು ಅಷ್ಟು ಚೆಲುವಾಗಿ ಕಾಣುವುದು ನೆತ್ತಿಯ ಮೇಲೆ ಆಕಾಶ ಇರುವುದರಿಂದ, ನೀರು ಎಲ್ಲೂ ನಿಲ್ಲದೆ ಮುಂದೆ ಹೋಗುವುದರಿಂದ.

ನೀರು ನಿಲ್ಲಬಾರದು. ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಇದು. ಹಿಂದೆ ನಾನು ನನ್ನ ಕೋಣೆಯ ಬಚ್ಚಲು ಮಾಡಿಸಿದಾಗ ಕೆಲಸ ಬೇಗ ಮುಗಿಯಲಿ ಎಂದು ಅವಸರ ಮಾಡಿದೆ. ಮೇಸ್ತ್ರಿ ವಾಟರ್‌ಪ್ರೂಫಿಂಗ್ ಒಂದೇ ಕೋಟು ಬಳಿದು, ಪರೀಕ್ಷೆಯನ್ನೂ ಮಾಡದೆ ಟೈಲ್ಸ್ ಕೂರಿಸಿದ. ಆ ಮಳೆಗಾಲದಲ್ಲೇ ನನ್ನ ಮಂಚದ ತಲೆಯ ಕಡೆಯ ಗೋಡೆ ಹಸಿಯಾಗಿ, ಸುಣ್ಣ ಪುಡಿಪುಡಿಯಾಗಿ ಹಾಸಿಗೆಯ ಮೇಲೆ ಉದುರಿತು. ಪೂರಾ ಕಿತ್ತು ಮತ್ತೆ ಮಾಡಿಸಿದೆ. ಹಾಗಾಗಿ ಹೇಳುತ್ತೇನೆ, ಎರಡು ಕೋಟು ಬಳಿಸು. ಮಲಗುವ ಕೋಣೆಗೆ ಅಂಟಿದ ಗೋಡೆಗೆ ಶವರ್‌ನ ಎತ್ತರದವರೆಗೂ ಹೋಗಲಿ. ಕೊಳವೆಗಳ ಬಾಯಿ ಕಟ್ಟಿ, ನೆಲದ ಮೇಲೆ ಒಂದು ದಿನ ಪೂರ್ತಿ ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸ್. ಏಳಡಿ ಉದ್ದಕ್ಕೆ ಕಡೇಪಕ್ಷ ಒಂದು ಅಂಗುಲ ಇಳಿಜಾರು ಬೇಕು. ಕಿಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ಮೇಲೆ ಎಕ್ಸಾಸ್ಟ್ ಫ್ಯಾನ್. ಗಾಳಿಯಾಡದಿದ್ದರೆ ವಯನಾಡಿನ ಶ್ರಾವಣದಲ್ಲಿ ಯಾವ ಬಣ್ಣದ ಗೋಡೆಗಾದರೂ ಬೂಷ್ಟು ಹಿಡಿಯುತ್ತದೆ. ಕಡುಬಣ್ಣದ ಮೇಲೆ ಅದು ತಡವಾಗಿ ಕಾಣುತ್ತದೆ, ಅಷ್ಟರಲ್ಲಿ ಬೇರು ಬಿಟ್ಟಿರುತ್ತದೆ.

ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿಯೋಣ. ಮೇಸ್ತ್ರಿಯ ಜೊತೆ ನಾನೇ ನಿಲ್ಲುತ್ತೇನೆ, ಆ ಚಿಂತೆ ನಿನಗೆ ಬೇಡ. ಹಳೆಯ ಹಂಡೆ ಅಟ್ಟದಲ್ಲಿದೆ, ಹುಣಸೆಹಣ್ಣು ಹಾಕಿ ತಿಕ್ಕಿಸಿಡುತ್ತೇನೆ. ಎಲ್ಲಿಡಬೇಕೆಂದು ನೀನೇ ಹೇಳು.

ಟೈಲ್ಸ್ ಕೊಳ್ಳುವ ಮೊದಲು ಅಮ್ಮನನ್ನು ಕರೆದುಕೊಂಡು ಬಂದು ಒಂದು ರಾತ್ರಿ ಆ ಕೋಣೆಯಲ್ಲಿ ಮಲಗು. ರಾತ್ರಿ ಎದ್ದಾಗ ಅವಳು ಎಲ್ಲಿ ಕಾಲಿಡುತ್ತಾಳೆ, ಏನನ್ನು ಹಿಡಿದುಕೊಳ್ಳುತ್ತಾಳೆ ನೋಡು. ಕಾಡುದಾರಿಯ ಬಾವಲಿ ಚೆಕ್‌ಪೋಸ್ಟು ಸಂಜೆ ಆರಕ್ಕೆ ಮುಚ್ಚುತ್ತದೆ. ಮೈಸೂರಿನಿಂದ ಬೆಳಿಗ್ಗೆಯೇ ಹೊರಟುಬಿಡಿ, ಊಟ ಇಲ್ಲೇ ಆಗಲಿ.

ಇತಿ,
ನಿನ್ನ ದೊಡ್ಡಪ್ಪ