ಗುಪ್ತನಾಮದ ಇಂಗ್ಲಿಷ್ ಗ್ರಂಥಗಳ ಸೂಚೀಕರಣ: ಉತ್ತರ ಕನ್ನಡದ ಒಂದು ನಿದರ್ಶನ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ್ ಆಡಳಿತದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅನಂತರ ಇಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿಗಳ ಬರಹಗಳು ಪ್ರಾದೇಶಿಕ ಅಧ್ಯಯನಕ್ಕೆ ಮುಖ್ಯ ಆಕರಗಳಾಗಿವೆ. ಇವುಗಳಲ್ಲಿ ಕೆಲವು ನಿಜನಾಮದಲ್ಲಿ ಪ್ರಕಟವಾಗಲಿಲ್ಲ. ಇಂತಹ ಗ್ರಂಥವು ಸಂಶೋಧಕನ ಕೈಗೆ ಸಿಗುವುದೂ ಸಿಗದಿರುವುದೂ ಗ್ರಂಥಸೂಚಿಯ ಒಂದು ನಮೂದನ್ನು ಅವಲಂಬಿಸಿರುತ್ತದೆ.

ಇದಕ್ಕೆ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್ (1851-1909) ಸ್ಪಷ್ಟ ನಿದರ್ಶನ. ಸಾತಾರದಲ್ಲಿ ಹುಟ್ಟಿದ ಈತ ಮುಂಬಯಿ ಪ್ರಾಂತ್ಯದ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯಾಗಿದ್ದು, ಖಾರಾಘೋಡಾ, ಉರಣ, ಉತ್ತರ ಕನ್ನಡ ಮೊದಲಾದೆಡೆ ಸೇವೆ ಸಲ್ಲಿಸಿದನು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನು. ‘ದ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್’ (1883), ‘ಬಿಹೈಂಡ್ ದ ಬಂಗಲೋ’ (1889), ‘ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್’ (1894) ಕೃತಿಗಳನ್ನು ಆತ ತನ್ನ ಹೆಸರಿನ ಮೊದಲಕ್ಷರಗಳಾದ ‘ಇಎಚ್‌ಎ’ ಎಂಬ ಗುಪ್ತನಾಮದಲ್ಲಿ ಬರೆದನು.

ಆದರೆ ಡೇವಿಡ್‌ಸನ್ ಮತ್ತು ಟಿ.ಆರ್. ಬೆಲ್ ಅವರೊಡನೆ ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು 1890ರ ದಶಕದಲ್ಲಿ ಸೊಸೈಟಿಯ ಪತ್ರಿಕೆಗೆ ಬರೆದ ಲೇಖನಮಾಲೆಯಲ್ಲಿಯೂ ಸಿಂಧ್ ಪ್ರಾಂತ್ಯದ ಗೆಜೆಟಿಯರಿನಲ್ಲಿಯೂ (1907) ಇರುವುದು ನಿಜನಾಮವೇ. ಸೂಚಿಕಾರನು ಶೀರ್ಷಿಕೆಪುಟವನ್ನಷ್ಟೇ ನಂಬಿದರೆ ಒಬ್ಬ ಲೇಖಕನು ಇಬ್ಬರಾಗುತ್ತಾನೆ. ಕನ್ನಡ ಲಿಪ್ಯಂತರದಲ್ಲಿ ‘ಇ.ಎಚ್.ಎ.’ ಎಂದು ಒಬ್ಬರು, ‘ಈಹಾ’ ಎಂದು ಮತ್ತೊಬ್ಬರು ಬರೆದರೆ ಮೂವರಾಗುತ್ತಾನೆ.

ಸಮಸ್ಯೆ ಲೇಖಕನ ಹೆಸರಿಗಷ್ಟೇ ಸೀಮಿತವಲ್ಲ. 1883ರ ಕೃತಿಯಲ್ಲಿ ಬರುವ ‘ಡಸ್ಟಿಪೋರ್’ ಕಲ್ಪಿತ ಹೆಸರು; ಅದು ಗುಜರಾತಿನ ಖಾರಾಘೋಡಾವನ್ನು ಸೂಚಿಸುತ್ತದೆ. 1894ರ ಕೃತಿಯ ಹಿನ್ನೆಲೆಯಾದರೋ ಉತ್ತರ ಕನ್ನಡದ ಕಾಡು. ಲೇಖಕನ ಗುರುತು ಮತ್ತು ಅವನ ಸೇವಾವಿವರ ತಿಳಿಯದಿದ್ದರೆ ಕಚ್ಛದ ರಣದ ಅಂಚಿನ ವಿವರಗಳನ್ನು ಘಟ್ಟದ ವಿವರಗಳೆಂದು ಭ್ರಮಿಸುವ ಅಪಾಯವಿದೆ.

ಇಂತಹ ತೊಡಕಿಗೆ ಸೂಚೀಕರಣಶಾಸ್ತ್ರ ಬಹುಹಿಂದೆಯೇ ಪರಿಹಾರ ಯೋಚಿಸಿದೆ. ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಪನಿಝಿ ರೂಪಿಸಿದ 91 ನಿಯಮಗಳು (1841) ಗುಪ್ತನಾಮವನ್ನೇ ಶೀರ್ಷಿಕೆಯಾಗಿರಿಸಿ, ನಿಜನಾಮ ತಿಳಿದಲ್ಲಿ ಆವರಣದಲ್ಲಿ ಕೊಡಬೇಕೆಂದವು. ಎಸ್.ಆರ್. ರಂಗನಾಥನ್ ಅವರ ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ (1934) ಕೂಡ ಗುಪ್ತನಾಮಗಳಿಗೆ ನಿಯಮಗಳನ್ನು ರೂಪಿಸಿದೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯಂತೆ ಸಿದ್ಧವಾದ ತ್ರೈಮಾಸಿಕ ಪಟ್ಟಿಗಳೂ ಪರಿಶೀಲನಾರ್ಹ.

ಕನ್ನಡ ವಿದ್ವಾಂಸರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ವಚನಕಾರರ ಅಂಕಿತ, ಆಧುನಿಕರ ಕಾವ್ಯನಾಮ, ಮರೆಮಾಚುವ ಗುಪ್ತನಾಮ ಇವು ಮೂರೂ ಭಿನ್ನ. ನಂದಳಿಕೆ ಲಕ್ಷ್ಮೀನಾರಣಪ್ಪನು ತನ್ನ ‘ಶ್ರೀರಾಮ ಪಟ್ಟಾಭಿಷೇಕ’ವನ್ನು ಮಹಾಲಕ್ಷ್ಮಿಯ ಹೆಸರಿನಲ್ಲಿಯೂ ‘ಶ್ರೀರಾಮಾಶ್ವಮೇಧ’ವನ್ನು ಮುದ್ದಣನ ಹೆಸರಿನಲ್ಲಿಯೂ ಹೊರತಂದುದರಿಂದ ಸಾಹಿತ್ಯಚರಿತ್ರೆಯ ಕಾಲನಿರ್ಣಯವೇ ತೊಡಕಿಗೆ ಸಿಲುಕಿತ್ತು.

ಆದಕಾರಣ ಶೀರ್ಷಿಕೆಪುಟದ ರೂಪವನ್ನು ಇದ್ದಂತೆಯೇ ದಾಖಲಿಸುವುದು, ನಿಜನಾಮವನ್ನು ಆಧಾರಸಹಿತ ಸೇರಿಸುವುದು, ಎರಡು ಹೆಸರುಗಳ ನಡುವೆ ಪರಸ್ಪರ ನಿರ್ದೇಶನ ಕೊಡುವುದು ಅವಶ್ಯ. ‘ಕೆನರಾ’ ಎಂಬುದರ ಇಂಗ್ಲಿಷ್ ಕಾಗುಣಿತಭೇದಗಳನ್ನೂ ‘ಉತ್ತರ ಕನ್ನಡ’ ಎಂಬ ಹೆಸರನ್ನೂ ಹಾಗೆಯೇ ಬೆಸೆಯಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹೆಸರನ್ನು ಗ್ರಂಥದ ಒಳಸಾಕ್ಷ್ಯವಿದ್ದಲ್ಲಿ ಮಾತ್ರ ವಿಷಯಸೂಚಿಗೆ ಸೇರಿಸಬೇಕು. ಜಿಲ್ಲೆಯ ಹೆಸರಿದೆಯೆಂಬ ಮಾತ್ರಕ್ಕೆ ತಾಲ್ಲೂಕನ್ನು ಊಹಿಸಲಾಗದು. ಊಹೆಯು ಒಮ್ಮೆ ಸೂಚಿಯನ್ನು ಸೇರಿದರೆ ಮುಂದಿನ ಸಂಶೋಧನೆಯಲ್ಲಿ ಅದೇ ಆಧಾರವಾಗಿಬಿಡುತ್ತದೆ.