ವಯಸ್ಕರ ಕಲಿಕೆ ಮತ್ತು ಸಮಾಜಶಾಸ್ತ್ರ

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವು 1919ರಲ್ಲಿ ಆರಂಭವಾಯಿತು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರು ಅಲ್ಲಿ ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಅಧ್ಯಯನ ನಡೆಸಿ, ಮೈಸೂರಿನ ವಿವಾಹ ಮತ್ತು ಕುಟುಂಬ ಪದ್ಧತಿಗಳನ್ನು ಕುರಿತ ಗ್ರಂಥವನ್ನು 1942ರಲ್ಲಿ ಪ್ರಕಟಿಸಿದರು. ತಾವು ಹುಟ್ಟಿ ಬೆಳೆದ ಸಮಾಜವೂ ಶಾಸ್ತ್ರೀಯ ಅಧ್ಯಯನಕ್ಕೆ ಯೋಗ್ಯವೆಂಬುದಕ್ಕೆ ಇದೊಂದು ನಿದರ್ಶನ.

ಇಂದು ಇಂತಹ ಅಧ್ಯಯನಕ್ಕಾಗಿ ಉದ್ಯೋಗವನ್ನು ತ್ಯಜಿಸಬೇಕಾಗಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಜಾಲತಾಣದ ಸಮಾಜಶಾಸ್ತ್ರ ಪಾಠಗಳನ್ನು ಶುಲ್ಕವಿಲ್ಲದೆ ಕಲಿಯಬಹುದು. ಪ್ರಮಾಣಪತ್ರ ಬಯಸುವವರು ಶುಲ್ಕ ತೆತ್ತು ಪರೀಕ್ಷೆ ಬರೆಯಬೇಕು.

ಆದರೆ ಪಾಠ ಕೇಳಿದರಷ್ಟೇ ಸಾಲದು. ನಗರದ ಚಾಳಿನಿಂದ ಡೊಂಬಿವಲಿಯ ಫ್ಲಾಟಿಗೆ ಸ್ಥಳಾಂತರಗೊಂಡವರಿಗೆ ನೆರೆಹೊರೆಯ ಬದಲಾವಣೆಯು ಸ್ವಂತ ಅನುಭವದ ವಿಷಯ. ಅನುಭವವೊಂದೇ ಪ್ರಮಾಣವಲ್ಲ. ಕಂಡದ್ದನ್ನು ಬರೆದಿಟ್ಟು, ಇತರರ ಅನುಭವದೊಡನೆ ಹೋಲಿಸಿ, ಪಾಠದ ಪರಿಕಲ್ಪನೆಗಳ ಬೆಳಕಿನಲ್ಲಿ ಪರಿಶೀಲಿಸಿದಾಗ ಅದು ಶಾಸ್ತ್ರಜ್ಞಾನವಾಗುತ್ತದೆ.